ಆ ಎರಡರ ನಡುವೆ

"ಹೇಳು, ಏನೇನು ಬದಲಾಯ್ತು?"

ಟ್ರಿಪ್ಲಿಕೇನಿನ ಮೆಸ್ಸಿನಲ್ಲಿ ಬಾಳೆಲೆಗೆ ನೀರು ಚಿಮುಕಿಸುತ್ತ ಶಿವರಂಜನ್ ಮಗಳನ್ನು ಕೇಳಿದ. ಪ್ರಣಮ್ಯಾ ಬಾಯಿ ಅಗಲಿಸಿ ಮುಂದಿನ ಹಲ್ಲು ಬಿದ್ದ ಕಿಂಡಿ ತೋರಿಸಿದಳು. "ಪಲ್ಲು ವಿಳುಂದುಡುಚ್ಚು. ಅಪ್ಪುರಂ, ಕ್ಲಾಸಲ್ಲಿ ನನ್ನ ಜಾಗ ಮಾತ್ತಿಟ್ಟಾಂಗ. ಅಷ್ಟೇ." ಹಲ್ಲು ಬಿದ್ದದ್ದು, ಜಾಗ ಬದಲಾಯಿಸಿದ್ದು ಎರಡನ್ನೂ ಎಂದಿನಂತೆ ಶಾಲೆಯ ತಮಿಳು ಬೆರೆಸಿಯೇ ಹೇಳಿದಳು.

ಹೇಗಿದ್ದೀಯ ಎಂದು ಅವನು ಎಂದೂ ಕೇಳುವುದಿಲ್ಲ. ಅದು ಕಂಪ್ಯೂಟರಿನ ಕಸುಬಿನ ಚಾಳಿ: ಹಳೆಯದು ಹೇಗೂ ಗೊತ್ತಿದೆ, ಹೊಸದಾಗಿ ಬದಲಾದದ್ದಷ್ಟೇ ಬೇಕು. ಭವಾನಿಯಿಂದ ಬೇರೆಯಾದ ಮೇಲೆ ಕೋರ್ಟು ಅವನ ಪಾಲಿಗೆ ಕೊಟ್ಟದ್ದು ಶನಿವಾರದ ಮಧ್ಯಾಹ್ನ. ವಾರದ ಮಿಕ್ಕ ದಿನಗಳಲ್ಲಿ ಮಗಳು ಅವನ ಕಣ್ಣಿಗೆ ಬೀಳದೆ ಬೆಳೆಯುತ್ತಿದ್ದಳು. ಹಲ್ಲು ಬಿದ್ದದ್ದೇನೋ ಗೊತ್ತಾಯಿತು. ಅದು ಅಲ್ಲಾಡುತ್ತಿದ್ದಾಗ ಅವಳು ನಾಲಿಗೆಯಿಂದ ತಳ್ಳಿ ತಳ್ಳಿ ನೋಡಿದ್ದಾಳಲ್ಲ, ಅದು ಮಾತ್ರ ಅವನಿಗೆ ನೋಡಸಿಕ್ಕಿರಲಿಲ್ಲ.

"ಅಪ್ಪಾ, ನಿಂಗೇನು ಬದಲಾಯ್ತು?"

"ನನ್ನದೊಂದು ತಪ್ಪು ಆಫೀಸಲ್ಲಿ ಸಿಕ್ಕಿಬಿತ್ತು ಕಣೇ. ಓಡ್ತಿರೋ ಕಂಪ್ಯೂಟರನ್ನ ನಿಲ್ಲಿಸದೇನೇ, ಅದರ ನೆನಪನ್ನೆಲ್ಲ ಇನ್ನೊಂದಕ್ಕೆ ನಕಲು ಮಾಡ್ತೀವಿ. ಪುಟ ಪುಟವಾಗಿ. ಅದೇನು ಸುಮ್ನಿರುತ್ತಾ? ನಾವು ನಕಲು ಮಾಡ್ತಿರೋವಾಗ್ಲೇ ಯಾವುದೋ ಪುಟದಲ್ಲಿ ಹೊಸದು ಬರ್ಕೊಳ್ಳುತ್ತೆ. ಹಾಗೆ ಬರೆದ ಪುಟಕ್ಕೆ ಒಳಗಿನ ಯಜಮಾನ, ಕರ್ನೆಲ್ ಅಂತಾರೆ, ಅವನೊಂದು ಗುರುತು ಹಾಕಿಡ್ತಾನೆ. ಗುರುತು ಇರೋ ಪುಟ ಮಾತ್ರ ಮತ್ತೆ ನಕಲು ಮಾಡಿದ್ರಾಯ್ತು."

"ಈಸಿ ದಾನೇ?"

"ಈಸಿನೇ. ಗುರುತು ಅಳಿಸಿ, ಆಮೇಲೆ ನಕಲು ಮಾಡ್ಬೇಕು. ನಾನು ಪೆದ್ದ, ನಕಲು ಮಾಡಿ ಆಮೇಲೆ ಅಳಿಸ್ತಿದ್ದೆ. ಆ ಎರಡರ ನಡುವೆ ಅದು ಏನಾದ್ರೂ ಬರೆದ್ರೆ?"

ಪ್ರಣಮ್ಯಾ ಸಾಂಬಾರಿನ ಬೆರಳು ಬಾಯಲ್ಲಿಟ್ಟುಕೊಂಡು ಯೋಚಿಸಿದಳು. "ಗುರುತೂ ಪೋಚು, ಬರೆದದ್ದೂ ಪೋಚು."

"ಹೂಂ. ಎಲ್ಲಾ ಬಂತು ಅಂತ ನಾನು ಆರಾಮಾಗಿ ಇದ್ಬಿಡ್ತೀನಿ."

"ಪಾವಂ," ಎಂದು ಲೊಚಗುಟ್ಟಿದಳು. ಪಾಪ ಯಾರು, ಕಂಪ್ಯೂಟರೋ ತಾನೋ ಎಂದು ಯೋಚಿಸುತ್ತ ಅವನು ತನ್ನ ಹಪ್ಪಳವನ್ನು ಅವಳ ಎಲೆಗೆ ಹಾಕಿದ.

ಸಂಜೆ ಪುರಸೈವಾಕ್ಕಂನ ಜನಜಂಗುಳಿಯಲ್ಲಿ ದಾರಿ ಬಿಡಿಸಿಕೊಂಡು ಅಜ್ಜಿಯ ಮನೆಯ ಗೇಟಿನೆದುರು ಬೈಕು ನಿಲ್ಲಿಸಿದ. ಮಗಳು ಇಳಿದಳು. ಪ್ರತಿ ಸಲದಂತೆ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಕಣ್ತುಂಬ ನೋಡಿದ: ಹಲ್ಲಿನ ಕಿಂಡಿ, ಸಡಿಲವಾದ ಜಡೆ, ಮೊಣಕೈಯ ಹೊಸ ತರಚು ಗಾಯ. "ಸರಿ, ಎಲ್ಲಾ ನೋಡ್ಕೊಂಡೆ. ಮುಂದಿನ ಶನಿವಾರ," ಎಂದವನೇ ಹೆಲ್ಮೆಟ್ಟು ಏರಿಸಿದ. ಆ ಆತುರ ಪೊಲೀಸರ ಭಯಕ್ಕಲ್ಲ, ಕಣ್ಣು ತುಂಬುವ ಮೊದಲೇ ಗಾಜು ಇಳಿಸಿಕೊಳ್ಳಬೇಕಿತ್ತು. ಅತ್ತದ್ದು ಮಗಳಿಗೆ ಕಂಡರೆ ಮುಂದಿನ ವಾರ ಬರಲಾರೆನೆಂದಾಳು ಎಂಬ ಅಂಜಿಕೆ. ಬೈಕು ಹತ್ತಿದರೆ ಹಿಂದೆ ತಿರುಗಿ ನೋಡಿದವನೇ ಅಲ್ಲ.

ಇಂದೂ ಹೊರಟ. ತಿರುವಿಗೆ ಮುಂಚಿನ ಪಾತ್ರೆ ಅಂಗಡಿ ದಾಟುವಷ್ಟರಲ್ಲಿ ಮೆಸ್ಸಿನಲ್ಲಿ ತಾನೇ ಆಡಿದ ಮಾತು ಎದೆಗೆ ಬಂದು ತಾಗಿತು. ನೋಡಿ ಮುಗಿಸಿದ್ದೂ ಆಯಿತು, ಬೆನ್ನು ತಿರುಗಿಸಿದ್ದೂ ಆಯಿತು. ಆ ಎರಡರ ನಡುವೆ? ಹಿಂದಿನ ಆಟೋದವನು ಬಾಯಿಗೆ ಬಂದಂತೆ ಬೈಯುತ್ತಿದ್ದರೂ ಬ್ರೇಕು ಒತ್ತಿ, ಬೈಕನ್ನು ಬದಿಗೆ ತಳ್ಳಿ, ಗೇಟಿನವರೆಗೂ ನಡೆದು ಬಂದ.

ಗೇಟು ಹಾಕುತ್ತಿದ್ದ ಸುಮಿತ್ರಮ್ಮ, ಭವಾನಿಯ ತಾಯಿ, ಗಾಬರಿಯಾದರು. "ಯಾಕೆ, ಏನಾದ್ರೂ ಬಿಟ್ಟು ಹೋದ್ರಾ?"

"ಇಲ್ಲ ಅತ್ತೆ... ಗೊತ್ತಿಲ್ಲ."

ಅವರು ಅವನ ಮುಖವನ್ನೇ ನೋಡಿದರು. ಭವಾನಿಯ ಪರವಾಗಿ ಅವನ ಮೇಲೆ ಸಿಟ್ಟು ಅವರಿಗೂ ಇತ್ತು. ಆದರೂ ದನಿ ತಗ್ಗಿಸಿ ಹೇಳಿದರು: "ಮೇಲೆ ನೋಡಿ. ವಾರಾ ವಾರಾ ಇದೇ ಕಥೆ. ನಿಮ್ಮ ಬೈಕು ಆ ತಿರುವು ದಾಟೋ ತನಕ ನಾನು ಕರೆದ್ರೂ ಅವಳು ಒಳಗೆ ಬರಲ್ಲ."

ಶಿವರಂಜನ್ ಹೆಲ್ಮೆಟ್ಟು ತೆಗೆದು ತಲೆಯೆತ್ತಿದ. ಮಹಡಿಯ ಬಾಲ್ಕನಿಯಲ್ಲಿ, ಕಂಬಿಗೆ ತನ್ನ ಎತ್ತರ ಸಾಲದೆಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು, ಜಂಗುಳಿಯಲ್ಲಿ ಅವನು ನಡೆದು ಮರಳಿದ್ದು ಕಾಣದೆ, ಪ್ರಣಮ್ಯಾ ಬೀದಿಯ ತಿರುವಿನ ಕಡೆಗೆ ಕೈ ಬೀಸುತ್ತಿದ್ದಳು.

"ಪ್ರಣಮ್ಯಾ!"

ಅವಳು ಕೆಳಗೆ ನೋಡಿದಳು. ಇಷ್ಟು ದಿನ ಅಪ್ಪನ ಬೆನ್ನಿಗೇ ಬೀಸಿ ರೂಢಿಯಾಗಿದ್ದ ಕೈ, ಅವನ ಒದ್ದೆ ಮುಖ ಕಂಡದ್ದೇ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತುಬಿಟ್ಟಿತು.