ಕುಡುಕನನ್ನು ನೋಡಿ ನಕ್ಕವರು

ಡಂಕನ್ ಅತ್ತಿತ್ತ ನೋಡಿ ಸಿನಿಮಾ ಹಾಲಿನೊಳಗೆ ನುಸುಳಿದ. ಅವನ ಕೋಣೆಯಿಂದಲೇ ಟ್ಯಾಕ್ಸಿಯಲ್ಲಿ ಬೆನ್ನುಹತ್ತಿ ಬಂದಿದ್ದ ತಾಯಿ ಲೆನೋರ್ ಅದನ್ನು ಕಣ್ಣಾರೆ ಕಂಡಳು. ಲೈಬ್ರರಿಗೆ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ ಮಗ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಬಾಗಿಲ ಮೇಲಿನ ಪೋಸ್ಟರ್ ನೋಡಿ ಅವಳು ನಿಂತುಬಿಟ್ಟಳು. ಸೂಟು ತೊಟ್ಟ ಶ್ರೀಮಂತನೊಬ್ಬ ಷಾಂಪೇನ್ ಬಾಟಲಿ ತಬ್ಬಿಕೊಂಡು ಕಾರಂಜಿಯಲ್ಲಿ ಕೂತಿದ್ದಾನೆ. ಹಳೆಯ ಸಿನಿಮಾ. ಕುಡುಕ ಕೋಟ್ಯಧೀಶ, ಹೋಟೆಲಿನಲ್ಲಿ ಬಡಿಸುವ ಹುಡುಗಿ, ಪ್ರೇಮ, ಕೊನೆಗೆ ಮದುವೆ. ಒಂದು ಕಾಲದಲ್ಲಿ ಇಡೀ ನ್ಯೂಯಾರ್ಕ್ ಇದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು. ಈಗ ನಗಲು ಅವಳ ಮಗ ಬಂದಿದ್ದ. ಇನ್ನೊಮ್ಮೆ ಕುಡಿದರೆ ಹುಡುಗ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ವರ್ಷವೂ ಆಗಿರಲಿಲ್ಲ.

ಆಸ್ಪತ್ರೆಯಿಂದ ಬಂದವನೇ ಅವನು ಶ್ರೀಮಂತರ ಬೀದಿ ಪಾರ್ಕ್ ಅವೆನ್ಯೂವಿನಲ್ಲಿದ್ದ ತಾಯಿಯ ಮನೆ ಬಿಟ್ಟು ಬ್ರೂಕ್ಲಿನ್‌ನಲ್ಲಿ ಕೋಣೆ ಹಿಡಿದಿದ್ದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಕದ್ದು ಕುಡಿಯುವವನಲ್ಲದಿದ್ದರೆ ಹೆತ್ತವಳ ಮನೆಯ ಊಟಕ್ಕೆ ಯಾಕೆ ಹೆದರಬೇಕು? ಇಂದು ಇದು ಇತ್ಯರ್ಥವಾಗಲೇಬೇಕೆಂದು ಲೆನೋರ್ ಮಧ್ಯಾಹ್ನದ ಊಟವನ್ನು ತಟ್ಟೆಯಲ್ಲೇ ಬಿಟ್ಟು, ಗ್ಲಾಸು ಮಾತ್ರ ಖಾಲಿ ಮಾಡಿ ಹೊರಟಿದ್ದಳು.

ಮೆಟ್ಟಿಲಲ್ಲಿ ಕಾಲು ತೊಡರಿತು. ಹಾಳು ಮೆಟ್ಟಿಲು. ಬಾಗಿಲಲ್ಲಿದ್ದ ದಪ್ಪನೆಯ ಹೆಂಗಸು ಓಡಿಬಂದು ತೋಳು ಹಿಡಿದಳು.

"ಮೆಲ್ಲಗೆ ಬನ್ನಿ ಮೇಡಂ. ನಾನು ಬರ್ನಿಸ್. ಮೊದಲನೇ ಸಲಾನಾ?"

"ಹೌದು. ಕೊನೇ ಸಲಾನೂ ಹೌದು."

"ನಾನೂ ಅವತ್ತು ಹಂಗೇ ಅಂದಿದ್ದೆ," ಎಂದು ಬರ್ನಿಸ್ ನಕ್ಕಳು. "ಟಿಕೆಟ್ ಏನೂ ಬೇಡ. ಇವತ್ತು ನಮ್ಮೋರಿಗೆ ಮಾತ್ರ."

"ನಾನು ಯಾರು ಗೊತ್ತಾ ನಿಮಗೆ?"

"ಮನೆತನ, ಆಸ್ತಿಪಾಸ್ತಿ ಎಲ್ಲಾ ಇಲ್ಲಿ ಯಾರೂ ಕೇಳಲ್ಲಮ್ಮ. ಬಂದ್ರಲ್ಲ, ಅಷ್ಟು ಸಾಕು."

ಎಂಥ ಸಲಿಗೆ! ಲೆನೋರ್ ಸಿಡುಕಿದಳು. ಬರ್ನಿಸ್ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಕೇಳದಿದ್ದರೂ ಕೈಗೆ ಹಾಲಿಲ್ಲದ ಕಡುಕಾಫಿ ಇಟ್ಟಳು. ಉಳಿದವರ ಕಾಗದದ ಲೋಟಗಳಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಸಿನಿಮಾ ಶುರುವಾಯಿತು. ತೆರೆಯ ಮೇಲೆ ನಾಯಕ ಗ್ಲಾಸು ಎತ್ತಿದ. ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಲೋಟ ಎತ್ತಿ ಒಂದು ಗುಟುಕು ಹೀರಿ ಗೊಳ್ಳೆಂದರು. ಅವನು ಮತ್ತೆ ಎತ್ತಿದ, ಇವರೂ ಎತ್ತಿದರು. ಮುಂದಿನ ಸಾಲಿನಲ್ಲಿ ಡಂಕನ್ ಎಲ್ಲರಿಗಿಂತ ಮೊದಲು ಎತ್ತುತ್ತಿದ್ದ. ಲೆನೋರ್ ಎದ್ದು ಹೋಗಿ ಅವನ ಲೋಟ ಕಸಿದುಕೊಳ್ಳಹೊರಟರೆ ಬರ್ನಿಸ್ ಅವಳ ಮೊಣಕೈ ಬಿಡಲೊಲ್ಲಳು.

ಸಿನಿಮಾ ಮುಗಿಯಿತು. ದೀಪ ಹತ್ತಿತು. ಯಾರೂ ಏಳಲಿಲ್ಲ. ಅಭಿಪ್ರಾಯ ಹೇಳುವ ಸರದಿ.

"ಈ ಪುಣ್ಯಾತ್ಮಂಗೆ ಬೆಳಿಗ್ಗೆ ತಲೆನೋವೇ ಬರಲ್ಲ," ಎಂದ ಒಬ್ಬ ಮುದುಕ. "ಎದ್ದ ತಕ್ಷಣ ಹಾಡ್ತಾನೆ. ಎಲ್ಲಿ ಸಿಗುತ್ತಂತೆ ಆ ಮಾಲು?"

"ದುಡ್ಡಿದ್ದೋನು ಕುಡಿದು ಬಿದ್ರೆ ಹಾಸ್ಯ. ನಾನು ಬಿದ್ರೆ ಪೊಲೀಸು," ಎಂದ ಲಾರಿ ಡ್ರೈವರ್.

"ಪಾಪ ಆ ಹುಡುಗಿ," ಎಂದಳು ಬರ್ನಿಸ್. "ಮದುವೆಯಾದ ಮರುವರ್ಷದ ಕಥೆ ಯಾರೂ ಸಿನಿಮಾ ಮಾಡಲ್ಲ ನೋಡಿ."

ಎಲ್ಲದಕ್ಕೂ ನಗು. ಲೆನೋರ್ ಎದ್ದು ನಿಂತಳು. ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಳು.

"ನಾಚಿಕೆ ಆಗಲ್ವಾ ನಿಮಗೆ? ಬೇಕಾದ್ರೆ ಕತ್ತು ಹಿಡಿದು ಆಚೆ ತಳ್ಳಿ, ಹೇಳೋದು ಹೇಳೇ ಹೋಗೋಳು ನಾನು. ನನ್ನ ಮಗ ಬಚ್ಚಲಲ್ಲಿ ಮೈಮೇಲೆ ಎಚ್ಚರ ಇಲ್ದೆ ಬಿದ್ದಿದ್ದ. ಬಾಗಿಲು ಒಡೆಸಿದ್ದು ನಾನು. ಆಗ ಸಂಗೀತ ಗಿಂಗೀತ ಏನೂ ಇರ್ಲಿಲ್ಲ. ಯಾವ ಹುಡುಗೀನೂ ಬಂದು ಮುತ್ತು ಕೊಡ್ಲಿಲ್ಲ. ನೀವಿಲ್ಲಿ ಗುಟುಕು ಗುಟುಕಿಗೂ ಕೇಕೆ ಹಾಕ್ತೀರಿ, ಅವನ ಕೈಗೂ ಲೋಟ ಕೊಟ್ಟಿದ್ದೀರಿ. ಅವನು ಸತ್ರೆ ಹೊರೋಕೆ ಬರ್ತೀರಾ?"

ಬೈಗುಳಕ್ಕೆ ಕಾದು ನಿಂತಳು. ಬೈಗುಳ ಬರಲಿಲ್ಲ. ಮುದುಕ ಕಣ್ಣೊರೆಸಿಕೊಂಡ. ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಹಾಲೇ ತಟ್ಟಿತು. "ಹೇಳಿದ್ದು ಒಳ್ಳೇದಾಯ್ತಮ್ಮ, ಬರ್ತಾ ಇರಿ," ಎಂದ ಡ್ರೈವರ್.

ಡಂಕನ್ ಎದ್ದ.

"ನಾನು ಡಂಕನ್. ಕುಡುಕ."

"ಹಲೋ, ಡಂಕನ್," ಎಂದಿತು ಇಡೀ ಹಾಲು, ಒಂದೇ ದನಿಯಲ್ಲಿ.

ಅವನು ತಾಯಿಯತ್ತ ತಿರುಗಿದ. "ಇಲ್ಲಿರೋರೆಲ್ಲ ಕುಡುಕರೇ ಅಮ್ಮ. ಎಲ್ಲರೂ ಕುಡಿತ ಬಿಟ್ಟವರು. ನಮ್ಮ ಸಂಘಕ್ಕೆ ಯಾರು ಬರ್ತಾರೆ ಅಂತ ಹೊರಗೆ ಹೇಳಬಾರದು, ಅದಕ್ಕೇ ಲೈಬ್ರರಿ ಅಂದೆ. ಸಿನಿಮಾದ ಆ ಕುಡುಕನನ್ನ ನೋಡಿ ನಗೋ ಹಕ್ಕು ಯಾರಿಗಾದ್ರೂ ಇದ್ರೆ ಅದು ನಮಗೆ. ಕುಡಿಯೋದು ಬಿಟ್ಟಿದ್ದೀವಿ, ನಗೋದು ಯಾಕೆ ಬಿಡಬೇಕು?"

ಅವನು ಲೋಟವನ್ನು ಅವಳ ಮುಂದೆ ಹಿಡಿದ. ಲೆನೋರ್ ಮೂಸಿದಳು. ಬರೀ ಶುಂಠಿ ಸೋಡಾ.

"ಮನೆಗೆ ಬಾರೋ," ಎಂದಳು. "ಇವತ್ತೇ ಬಾ. ಜೊತೇಲಿ ಊಟ ಮಾಡೋಣ."

"ಆಗಲ್ಲಮ್ಮ. ಆ ಮನೇಲಿ ಕೂತ್ರೆ ನಾನು ಮತ್ತೆ ಕುಡೀತೀನಿ."

"ಯಾಕೆ? ಅಲ್ಲಿ ಯಾರಿದ್ದಾರೆ? ನಾನೊಬ್ಬಳೇ ತಾನೇ?"

ಡಂಕನ್ ಅವಳ ಕಡುಕಾಫಿಯ ಲೋಟವನ್ನು ಎತ್ತಿ ಅವಳ ಕೈಗೆ ಕೊಟ್ಟ. ಬರ್ನಿಸ್ ಮತ್ತೆ ಅವಳ ಮೊಣಕೈ ಹಿಡಿದು, ಮಗುವಿಗೆ ಹೇಳುವಂತೆ, "ನಿಮ್ಮ ಹೆಸರು ಹೇಳಿ, ಕಾಯ್ತಿದ್ದಾರೆ," ಎಂದಳು. ಸಾಲು ಸಾಲು ಮುಖಗಳು ಲೆನೋರಳತ್ತ ತಿರುಗಿದ್ದವು.

ಹಾಲಿನ ತುಂಬ ಕುಡುಕರಿದ್ದರು. ಅಂದು ಕುಡಿದು ಬಂದಿದ್ದವಳು ಅವಳೊಬ್ಬಳೇ.