ನಲವತ್ತು ಲೋಕಗಳ ಪಟ್ಟಿ

ಪಕ್ಕದ ನಲವತ್ತು ಲೋಕಗಳಲ್ಲಿ ಬಾಸ್ಕೆಟ್‌ಬಾಲ್ ಲೀಗಿಗೆ ಆಟಗಾರ್ತಿಯರ ಆಯ್ಕೆ ಮುಗಿದು, ಪಟ್ಟಿಗಳು ಎಂದಿನಂತೆ ಬೆಳಗಿನ ಟಪಾಲಿನಲ್ಲಿ ಬಂದಿದ್ದವು. ನಮ್ಮ ಲೋಕದ ಆಯ್ಕೆ ಸಂಜೆಗೆ. ಮಂಡ್ಯದ ಕೋಚ್ ನಿಂಗರಾಜು ಅವುಗಳಲ್ಲಿ ಒಬ್ಬೊಬ್ಬಳಿಗೂ ಸಿಕ್ಕ ಸ್ಥಾನಗಳನ್ನು ಕೂಡಿಸಿ ಸರಾಸರಿ ತೆಗೆದರು.

“ನಂದು ಎಷ್ಟನೇ ನಂಬರ್ ಸಾರ್?” ಅವರ ತಂಡದ ಇಂಚರ ಕೇಳಿದಳು.

“ಐವತ್ತೊಂಬತ್ತು.”

ಒಟ್ಟು ತೆಗೆದುಕೊಳ್ಳುವುದೇ ಅರವತ್ತು ಜನರನ್ನು. “ಬೆಂಚು ಕಾಯೋಕೆ ನಾನ್ಯಾಕೆ ಹೋಗ್ಲಿ,” ಎಂದು ಅವಳು ಶೂ ಲೇಸು ಬಿಚ್ಚತೊಡಗಿದಳು.

ನಿಂಗರಾಜು ಹಾಳೆಗಳನ್ನು ಮತ್ತೆ ಮಗುಚಿದರು. ಮೊದಲ ಸ್ಥಾನದ ಹುಡುಗಿಯ ಹೆಸರು ಹನ್ನೊಂದು ಪಟ್ಟಿಗಳಲ್ಲಿ ಇರಲೇ ಇಲ್ಲ. ಆ ಲೋಕಗಳಲ್ಲಿ ಅವಳು ಚೆಂಡನ್ನೇ ಮುಟ್ಟಿರಲಿಲ್ಲ. ಎರಡನೆಯವಳದ್ದೂ ಅದೇ ಕತೆ. ಕೊನೆಯ ಹಾಳೆ ನೋಡಿ ಅವರು ಕನ್ನಡಕ ತೆಗೆದರು.

“ನಿನ್ನ ಹೆಸರಿಲ್ಲದ ಪಟ್ಟಿ ಒಂದೂ ಇಲ್ಲ ಕಣವ್ವ. ಇದೊಂದು ಲೋಕದಲ್ಲಿ ಮಂಡ್ಯನೇ ಇಲ್ಲ. ಅಲ್ಲೂ ನೀನು ಆಡ್ತಾ ಇದ್ದೀಯ.”