ಸಾರಿಗೆ ಉಪ್ಪು ಹೆಚ್ಚಾದ ದಿನ

ಬರೆದದ್ದನ್ನು ಪ್ರೇಮಕುಮಾರ ಐದನೆಯ ಸಲ ಅಳಿಸಿದ. ಹೆಂಡತಿ ಗೀತಾಂಜಲಿ ಬಾದಾಮಿಯ ತವರಿಗೆ ಹೋಗಿ ಒಂಬತ್ತು ದಿನವಾಗಿತ್ತು. ಅವಳಿಲ್ಲದ ಹುನಗುಂದದ ಮನೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಇಷ್ಟು ದಿನ ಫೋನನ್ನೇ ಎತ್ತದಿದ್ದವಳು ಇವತ್ತು ಬೆಳಿಗ್ಗೆ ಒಂದು ಸಾಲು ಕಳಿಸಿದ್ದಳು: "ಏನ್ ಹೇಳೂದೈತಿ ಬರದು ಹೇಳ್ರಿ."

ಬರೆಯುವುದೇ ಅವನ ಕಸುಬು. ಸರಕಾರಿ ಕಚೇರಿಯಲ್ಲಿ ಅರ್ಜಿಗಳಿಗೆ ಉತ್ತರ ಬರೆಯುವ ಗುಮಾಸ್ತ. ಯಾರ ಮನಸ್ಸೂ ನೋಯದಂತೆ, ಯಾವ ಕೆಲಸವೂ ಆಗದಂತೆ ಬರೆಯುವುದರಲ್ಲಿ ಅವನದು ಎತ್ತಿದ ಕೈ. "ತಮ್ಮ ಕೋರಿಕೆ ಗಮನದಲ್ಲಿದೆ" ಎಂದು ಬರೆದುಕೊಟ್ಟರೆ ಅರ್ಜಿದಾರ ಕೈಮುಗಿದು ಹೋಗುತ್ತಿದ್ದ. ಆರು ತಿಂಗಳು ಬಿಟ್ಟು ಬಂದು ಮತ್ತೆ ಕೈಮುಗಿದು ಹೋಗುತ್ತಿದ್ದ.

ಈ ಸಂದೇಶದ ಕಥೆ ಬೇರೆ. ಹೆಂಡತಿ ವಾಪಸು ಬರಬೇಕು. ಅವ್ವನ ಮಾನ ಉಳಿಯಬೇಕು. ಇಬ್ಬರ ನಡುವೆ ತನ್ನ ಮುಖಕ್ಕೂ ಒಂದಿಷ್ಟು ಜಾಗ ಬೇಕು.

ಜಗಳವಾದದ್ದು ಸಾರಿಗೆ. ಅವತ್ತು ಸೋಮವಾರ, ಮುಂಜಾನೆ ಊಟಕ್ಕೆ ಕೂತಾಗ ಅವನ ತಾಯಿ ಇಂದ್ರವ್ವ ತಾಟು ದೂಡಿ, "ಸಾರ ಅಂತಾರೇನ ಇದಕ್ಕ? ಬರೇ ಉಪ್ಪು" ಎಂದಳು. ಗೀತಾಂಜಲಿ ಅತ್ತಳು. ಹತ್ತೇ ನಿಮಿಷದಲ್ಲಿ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟಳು. ತಡೆಯಲೆಂದು ಅವನು ಬ್ಯಾಗಿಗೆ ಕೈಹಾಕಿದಾಗ ಜಿಪ್ಪು ತೆರೆದುಕೊಂಡಿತು. ಒಳಗೆ ಆರು ಸೀರೆ, ಇಸ್ತ್ರಿಯ ಗೆರೆ ಮುರಿಯದಂತೆ ಮಡಚಿಟ್ಟಿದ್ದು. ಸಿಟ್ಟಿನಲ್ಲೂ ಎಂಥ ಅಚ್ಚುಕಟ್ಟು ಎಂದು ಅಷ್ಟು ದುಃಖದಲ್ಲೂ ಹೆಮ್ಮೆಪಟ್ಟ. ಅವಳು ಹೋದಮೇಲೆ ಸಾರು ಬಡಿಸಿಕೊಂಡು ಉಂಡ. ಉಪ್ಪು ಸರಿಯಾಗೇ ಇತ್ತು. ಅದನ್ನು ಅವ್ವನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

"ಏನ್ ಬರದಿ? ನನಗೂ ಓದಿ ಹೇಳು." ಇಂದ್ರವ್ವ ಕನ್ನಡಕ ಏರಿಸಿಕೊಂಡು ಪಕ್ಕಕ್ಕೆ ಬಂದು ಕೂತಳು.

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಗನ ಹಳೆಯ ಫೋನಿನಲ್ಲಿ ಭಜನೆ ಕೇಳುತ್ತಾಳೆ, ಅಷ್ಟೇ. ಅದು ನೆನಪಾದದ್ದೇ ಪ್ರೇಮಕುಮಾರನ ತಲೆ ಓಡಿತು. ಸರಸರ ಬರೆದ: "ತಪ್ಪು ಅವ್ವಂದ. ನೀ ಬಾ, ಹೇಳಿದಂಗ ಕೇಳ್ತೇನಿ."

ಗಂಟಲು ಸರಿಮಾಡಿಕೊಂಡು ಓದಿದ: "ಅವ್ವ ನಿನ್ನ ಭಾಳ ನೆನಸ್ತಾಳ. ದೊಡ್ಡವರು ಒಂದ್ ಮಾತು ಅಂದ್ರ ಮನಸಿಗೆ ಹಚ್ಕೋಬಾರದು. ಲಗೂನ ಬಾ."

ಇಂದ್ರವ್ವ ಫೋನಿನತ್ತ ಬಗ್ಗಿದಳು. "ಇಷ್ಟ ಬರದಿ, ಅಷ್ಟ ಉದ್ದ ಓದಿದ್ಯಲ್ಲ?"

"ಫೋನಿನ ಅಕ್ಷರ ಸಣ್ಣ ಇರ್ತಾವ ಅವ್ವ."

"ಹೌದೇನ. ಛಲೋ ಓದ್ತಿ ಬಿಡಪ್ಪಾ," ಎಂದಳು. "ಕಳಸು."

ಉತ್ತರ ತಡವಾಗಲಿಲ್ಲ. "ಹಿತ್ತಲಿಗೆ ನಳ ಬರೂತನಕ ನಾ ಬರಂಗಿಲ್ಲ. ಮಾತು ಸಾಕು. ನೀರು ಬೀಳೂ ಫೋಟೋ ಕಳಸ್ರಿ."

ಪ್ರೇಮಕುಮಾರನಿಗೆ ಬೆವರು ಬಂತು. ಮದುವೆಯಾದ ಎರಡು ವರ್ಷದಿಂದ ಅತ್ತೆ ಸೊಸೆ ಓಣಿಯ ತುದಿಯಿಂದ ಕೊಡ ಹೊರುತ್ತಿದ್ದರು. ಹೆಂಡತಿ ನಳ ಕೇಳಿದಾಗ "ಅವ್ವ ಹಿತ್ತಲ ಅಗಿಯಾಕ ಒಪ್ಪಂಗಿಲ್ಲ" ಅಂದಿದ್ದ. ಅವ್ವ ಕೇಳಿದಾಗ "ಗೀತಾ ಈ ವರ್ಷ ಬ್ಯಾಡ ಅಂತಾಳ" ಅಂದಿದ್ದ. ಇಬ್ಬರೂ ಸುಮ್ಮನಾಗಿದ್ದರು. ಅವನ ಪಾಲಿಗೆ ಅದು ಮುಗಿದ ಅರ್ಜಿ.

"ಏನಂತ?" ಇಂದ್ರವ್ವ ಕೇಳಿದಳು.

"ನಿನ್ನ ಮೊಣಕಾಲ ನೋವು ಹೆಂಗೈತಿ ಅಂತ ಕೇಳ್ಯಾಳ. ಅತ್ತಿ ಸಲುವಾಗಿ ಹಿತ್ತಲಾಗ ನಳ ಹಾಕಸ್ರಿ, ಅವರು ಬ್ಯಾಡ ಅಂದ್ರೂ ಕೇಳಬ್ಯಾಡ್ರಿ ಅಂತ ಬರದಾಳ."

ಇಂದ್ರವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನಾ ಯಾಕ ಬ್ಯಾಡ ಅನ್ನಲಿ? ನಾಳೆನ ಮುಕ್ತಾರನ್ನ ಕರಸು."

ನಳ ಜೋಡಿಸುವ ಮುಕ್ತಾರ ಮರುದಿನವೇ ಪೈಪು ಹೊತ್ತು ಬಂದ. ನಳ ಎಲ್ಲಿ ಬರಬೇಕು, ಎಷ್ಟು ಎತ್ತರಕ್ಕೆ, ಕೊಡದ ಕಟ್ಟೆ ಎಷ್ಟು ಅಗಲ ಎಂದು ಅವನು ಕೇಳುವ ಮೊದಲೇ ಇಂದ್ರವ್ವ ತೋರಿಸಿದಳು. ಗೋಡೆಯ ಮೇಲೆ ಇದ್ದಿಲಿನ ಗುರುತಿತ್ತು, ಅರ್ಧ ಮಾಸಿದ ಹಳೆಯ ಗುರುತು. ಪೈಪಿಗೆ ದಾರಿ ಮಾಡಲು ಪ್ರೇಮಕುಮಾರ ಅಡುಗೆಮನೆಯ ಸಾಮಾನು ಸರಿಸುವಾಗ ಬಳಪದಲ್ಲಿ ಅ ಆ ತಿದ್ದಿದ್ದ ಪಾಟಿಯೊಂದು ಸಿಕ್ಕಿತು. ಮಕ್ಕಳಿಲ್ಲದ ಮನೆಯಲ್ಲಿ ಪಾಟಿ ಯಾಕೆಂದು ಕೇಳುವಷ್ಟರಲ್ಲಿ ಇಂದ್ರವ್ವ ಅದನ್ನು ಕಸಿದು ಹಿಟ್ಟಿನ ಡಬ್ಬಿಗೆ ಮುಚ್ಚಿದಳು.

ನಾಲ್ಕನೆಯ ದಿನ ನೀರು ಬಿತ್ತು. ಫೋಟೋ ಹೋಯಿತು. ಮರುದಿನ ಮೊದಲ ಬಸ್ಸಿಗೇ ಗೀತಾಂಜಲಿ ಬಂದಿಳಿದಳು.

ಅತ್ತೆ ಸೊಸೆಯ ಕೈ ಹಿಡಿದುಕೊಂಡಳು. ಸೊಸೆ ಅತ್ತೆಯ ಕಾಲಿಗೆ ಬಿದ್ದಳು. ಪ್ರೇಮಕುಮಾರನ ಕಣ್ಣು ತುಂಬಿ ಬಂದವು. ಒಂದು ಬರೆದು, ಇನ್ನೊಂದು ಓದಿ ಸಂಸಾರ ಉಳಿಸಿದೆನಲ್ಲ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಸಂಜೆ ಗೀತಾಂಜಲಿ ಹೊಸ ನಳದ ಕೆಳಗೆ ಕೊಡ ತೊಳೆಯುತ್ತಿದ್ದಳು. ಇಂದ್ರವ್ವ ಮುಂಬಾಗಿಲ ಕಟ್ಟೆಯ ಮೇಲೆ ಫೋನಿನಲ್ಲಿ ಭಜನೆ ಹುಡುಕುತ್ತ ಕೂತಿದ್ದಳು. ಒಳಗೆ ಕಿಟಕಿಯಲ್ಲಿಟ್ಟಿದ್ದ ಗೀತಾಂಜಲಿಯ ಫೋನು ಸದ್ದು ಮಾಡಿತು. ಪರದೆಯ ಮೇಲೆ "ಅತ್ತಿ" ಎಂದು ಬಂತು. ಅವ್ವನ ಬೆರಳು ತಗಲಿ ಏನೋ ಹೋಗಿರಬೇಕು ಎಂದುಕೊಂಡು ಅವನು ತೆರೆದ. ಒಂದಲ್ಲ, ಎರಡಲ್ಲ, ಸಾಲುಗಟ್ಟಿ ಸಂದೇಶಗಳಿದ್ದವು. ಗಾಬರಿಯಿಂದ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದ. ಜಗಳದ ಹಿಂದಿನ ದಿನ, ಭಾನುವಾರ, ಮೂವರೂ ಒಂದೇ ಪಡಸಾಲೆಯಲ್ಲಿ ಟಿವಿ ನೋಡುತ್ತ ಕೂತಿದ್ದ ಹೊತ್ತಿನದೊಂದು ಸಿಕ್ಕಿತು: "ನಾಳೆ ಸಾರಿಗಿ ಉಪ್ಪು ಭಾಳ ಆತು ಅಂತೇನಿ. ನೀ ಅಳು. ಸೀರಿ ಇವತ್ತ ಮಡಚಿಟ್ಕೋ."

ಮತ್ತೆ ಕೆಳಗಿಳಿದು, ಈಗಷ್ಟೇ ಬಂದದ್ದನ್ನು ಓದಿದ: "ನಳ ಆತು. ಇನ್ನ ಗೀಸರಿನ ಸಲುವಾಗಿ ಯಾವಾಗ ಜಗಳಾ ತಗಿಯೂಣು? ಈ ಸಲ ತವರಿಗಿ ನಾ ಹೋಗ್ತೇನಿ."